ಎಂಟರಿಂದ ಎಣಿಕೆ

“ಒಂದು ಅನ್ನೋಕೆ ನಾಲಿಗೆ ಹೊರಳಲ್ವೇನ್ರೋ, ಬೋಳಿಮಕ್ಳಾ? ನೀರಿಗಿಳಿದಿರೋದು ಹನ್ನೆರಡು ಜನ, ಕೂಗೋದು ಹತ್ತೊಂಬತ್ತು. ಮಿಕ್ಕ ಏಳು ಜನ ಎಲ್ಲಿ, ನಿಮ್ಮಪ್ಪನ ಮನೇಲಾ?”

ಕೆರೆ ಏರಿಯ ಮೇಲೆ ಛತ್ರಿ ಹಿಡಿದು ನಿಂತಿದ್ದ ಸೂಪರ್‌ವೈಸರ್ ಹೊಸಬ. ಕೆಳಗೆ ಎದೆಮಟ್ಟದ ನೀರಿನಲ್ಲಿ ಕಳೆ ಎಳೆಯುತ್ತಿದ್ದವರು ತಲೆಯೆತ್ತಲಿಲ್ಲ. ಬೇರು ಕಾಲಿಗೆ ಸುತ್ತಿಕೊಂಡರೆ ಮನುಷ್ಯ ಸದ್ದಿಲ್ಲದೆ ಮುಳುಗುತ್ತಾನೆ, ಪಕ್ಕದವನಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಇಳಿಯುವಾಗೊಮ್ಮೆ, ಹತ್ತುವಾಗೊಮ್ಮೆ ತಲೆ ಎಣಿಸುವುದು. ಗುಂಪಿನ ಹಿರಿಯಳು “ಇದ್ದೀರಾ?” ಎಂದು ಕೂಗುತ್ತಾಳೆ. ಸಾಲಿನ ಮೊದಲಿಗ, ಅವಳ ಮೈದುನ, “ಎಂಟು” ಎನ್ನುತ್ತಾನೆ. ಹಾಗೇ ಒಬ್ಬೊಬ್ಬರಾಗಿ ಕೂಗಿ ಕೊನೆಯ ಹತ್ತೊಂಬತ್ತು ಅವಳದೇ. ಊರಿನವರು ಅವಳಿಗಿಟ್ಟ ಹೆಸರು ಎಂಟಕ್ಕ.

ಒಂದರಿಂದ ಏಳರವರೆಗಿನವರು ಏರಿಯ ಒಳಗಿದ್ದಾರೆ. ಅವಳ ಅಜ್ಜಿಯ ಕಾಲದಲ್ಲಿ ಕೆರೆ ಕಟ್ಟುವಾಗ ತೂಬಿನ ಗುಂಡಿ ಕುಸಿದು ಏಳು ಜನ ಮಣ್ಣಿನಡಿ ಸಿಕ್ಕಿಕೊಂಡರು. ಅಷ್ಟರಲ್ಲಿ ಮೇಲಿನಿಂದ ನೀರು ಬರತೊಡಗಿತ್ತು. ಈಗ ಏರಿ ಅಗೆದರೆ ವರ್ಷದ ನೀರು ಕೈಬಿಟ್ಟು ಹೋಗುತ್ತದೆ, ಮೇಲೆ ಮಣ್ಣು ಹಾಕಿ ಎಂದ ಒಡೆಯ. ಹಾಕಿದರು. ಹಾಕಿದವರೂ ಇವರ ಜನವೇ. ಒಳಗಿನಿಂದ ಇನ್ನೂ ಇಬ್ಬರ ಕೂಗು ಕೇಳುತ್ತಿತ್ತಂತೆ. ಅವತ್ತಿನಿಂದ ಈ ಕೆರೆಗೆ ಇಳಿಯುವವರು ಆ ಏಳು ಅಂಕಿಗಳನ್ನು ಬಾಯಲ್ಲಿ ಆಡುವುದಿಲ್ಲ. ಅದು ಅವರ ಪಾಲಿನ ಜಾಗ.

ಇದನ್ನೆಲ್ಲ ಸೂಪರ್‌ವೈಸರನ ಮುಂದೆ ಹೇಳಿ ಆಗಬೇಕಾದ್ದೇನು ಎಂದು ಎಂಟಕ್ಕ ಸುಮ್ಮನಿದ್ದಳು. ಆದರೆ ಅವನು ಕಂಡಕಂಡಲ್ಲಿ ಆಡಿಕೊಂಡು ನಕ್ಕಿದ್ದು ಪುರಸಭೆಯವರೆಗೂ ಹೋಯಿತು. ಅಲ್ಲಿ ಊರಿನ ಪರಿಚಯದ ಪುಸ್ತಕವೊಂದು ತಯಾರಾಗುತ್ತಿತ್ತು. ನಗರಕ್ಕೆ ಅಂಟಿಕೊಂಡ ಊರು, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ರಜೆಯ ದಿನ ಗಾಳಿ ಕುಡಿಯಲು ಬರುವವರಿಗೆ ಮೂರು ಕೆರೆಗಳಿಗೂ ಒಂದೊಂದು ಕಥೆ ಬೇಕಂತೆ. ಬರೆಯುವ ಕೆಲಸ ನಿವೃತ್ತ ಮೇಷ್ಟ್ರಿಗೆ ಬಿತ್ತು. ಸಣ್ಣ ಕೆರೆಗೆ ಒಂದು ಮಾತಾಡುವ ಮೀನು ಸಿಕ್ಕಿತು. ಮುಚ್ಚಿ ಬಸ್ ನಿಲ್ದಾಣ ಮಾಡಿದ ಕೆರೆಗೂ, ಪಾಪ, ಒಬ್ಬ ಸನ್ಯಾಸಿ ಸಿಕ್ಕಿದ. ಎಂಟಕ್ಕನವರು ಕಳೆ ಎಳೆಯುವ ದೊಡ್ಡ ಕೆರೆಯನ್ನು ಮಾತ್ರ ಪುರಸಭೆ ಅಧ್ಯಕ್ಷರ ಅಜ್ಜ ಹೆಂಡತಿಯ ಮೇಲಿನ ಪ್ರೀತಿಗೆ ಕಟ್ಟಿಸಿದನೆಂದು ಮೊದಲೇ ತೀರ್ಮಾನವಾಗಿತ್ತು. ಮೇಷ್ಟ್ರಿಗೆ ಅದರ ಜೊತೆಗೆ ಈ ಎಂಟರ ಸಂಗತಿಯೂ ಬೇಕೆನಿಸಿತು. ಎಂಟಕ್ಕನಿಗೆ ಕರೆ ಬಂತು.

ಒಳಗೆ ಬಿಡುವ ಮುಂಚೆ ಗುಮಾಸ್ತ ಅವಳನ್ನು ಪಕ್ಕಕ್ಕೆ ಕರೆದು ನಕ್ಷೆಯೊಂದನ್ನು ಬಿಚ್ಚಿದ. ಏರಿಯ ಹಿಂದಿನ ಅವರ ಹನ್ನೆರಡು ಮನೆಗಳ ಮೇಲೆ ಹಾದುಹೋಗುವ ಹಾಗೆ ಒಂದು ಗೀಟು. ವಾಕಿಂಗ್ ಹೋಗುವವರಿಗೆ ದಾರಿಯಂತೆ.

“ಪೆನ್ಸಿಲ್ ಗೀಟು ಕಣಮ್ಮ, ಅಳಿಸ್ಬೋದು. ಒಳಗೆ ನೀನೇನ್ ಮಾತಾಡ್ತೀಯ ಅನ್ನೋದರ ಮೇಲಿದೆ.”

ಮೇಷ್ಟ್ರು ಒಳ್ಳೆಯ ಮನುಷ್ಯ. ಕನ್ನಡಕ ಒರೆಸಿಕೊಂಡು, ಎಂಟರಿಂದ ಯಾಕಮ್ಮ ಎಣಿಸುತ್ತೀರಿ, ಹಿಂದೆ ಏನೋ ಕಥೆ ಇರಬೇಕಲ್ಲ ಎಂದು ಮೆತ್ತಗೆ ಕೇಳಿದರು. ಅಧ್ಯಕ್ಷರು ಫೋನ್ ನೋಡುತ್ತಿದ್ದರು. ಎರಡು ಕುರ್ಚಿ ಖಾಲಿಯಿದ್ದರೂ ಕೂರು ಎನ್ನಲಿಲ್ಲ. ಅವಳ ಸೀರೆಯಿಂದ ನೀರು ತೊಟ್ಟಿಕ್ಕಿ ಹರಿದು ಬರುವುದನ್ನು ಕಂಡು ಕಾಲನ್ನು ಹಿಂದೆಳೆದುಕೊಂಡರು, ಅಷ್ಟೆ.

“ಕಥೆ ಗಿಥೆ ಏನಿಲ್ಲ ಸ್ವಾಮಿ,” ಎಂದಳು ಎಂಟಕ್ಕ. “ನಮ್ಮ ಹಿರಿಯರು ಹೆಡ್ಡರು. ಅವರಿಗೆ ಎಣಿಸೋಕೆ ಬರ್ತಿರ್ಲಿಲ್ಲ.”

ಅಧ್ಯಕ್ಷರು ಆಗ ತಲೆಯೆತ್ತಿ ನಕ್ಕರು. ಮೇಷ್ಟ್ರು ಬರೆದುಕೊಂಡರು. ಮನೆಗಳು ಉಳಿದವು.

ಓಣಿಯವರೆಲ್ಲ ಅವಳನ್ನು ಕೊಂಡಾಡಿದರು. ಒಳಗೆ ಏನು ಹೇಳಿದೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ದಿನಾ ನೀರಿನಲ್ಲಿ ನಿಂತು “ಇದ್ದೀರಾ?” ಎಂದು ಕೂಗುವಾಗ ಮಾತ್ರ ನಾಚಿಕೆಯಿಂದ ಅವಳ ದನಿ ಇಂಗಿಹೋಗುತ್ತಿತ್ತು. ಬದುಕಿರುವವರಿಗೆ ಸೂರು ಬೇಕಲ್ಲ, ಸತ್ತವರಿಗೇನು ಎಂದು ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಮನಸ್ಸು ಒಪ್ಪಲಿಲ್ಲ.

ಪುಸ್ತಕ ಅಚ್ಚಾಗಿ ಬಂತು. ಅವಳ ಮಗಳು ಎಲ್ಲಿಂದಲೋ ಒಂದು ಪ್ರತಿ ತಂದು ಹೊಸಿಲ ಮೇಲೆ ಕೂತು ಅಜ್ಜಿಗೆ, ಅಂದರೆ ಎಂಟಕ್ಕನ ಅಮ್ಮನಿಗೆ, ಓದಿ ಹೇಳಿದಳು. ಏರಿಯ ಕೆಳಗಿನ ಮುಗ್ಧ ಜನರಿಗೆ ಇಂದಿಗೂ ಒಂದರಿಂದ ಎಣಿಸಲು ಬಾರದು, ಇದು ಪ್ರವಾಸಿಗರಿಗೆ ಒಳ್ಳೆಯ ತಮಾಷೆ ಎಂದಿತ್ತು. ಲಂಗಕ್ಕೆ ತೇಪೆ ಹಾಕುತ್ತಿದ್ದ ಮುದುಕಿ ಸೂಜಿ ನಿಲ್ಲಿಸಿ, ಹಾಗಂತ ಯಾರು ಹೇಳಿದರಂತೆ ಎಂದು ಕೇಳಿದಳು. ನಾನೇ ಎಂದಳು ಎಂಟಕ್ಕ.

“ಮೂರನೆಯವನು ನನ್ನ ದೊಡ್ಡಪ್ಪ ಕಣೇ,” ಎಂದಳು ಅಮ್ಮ. “ಮಣ್ಣು ಹಾಕಿದೋರಲ್ಲಿ ನಿನ್ನಜ್ಜೀನೂ ಇದ್ಲು. ಸಾಯೋವರೆಗೂ ಕಿವಿ ಮುಚ್ಕೊಂಡೇ ಮಲಗ್ತಿದ್ಲು. ಈಗ ನೀನೂ ಒಂದು ಬುಟ್ಟಿ ಹಾಕ್ದೆ.” ಮತ್ತೆ ಸೂಜಿ ಎತ್ತಿಕೊಂಡಳು. “ಹೋಗ್ಲಿ ಬಿಡು, ಸೂರು ಉಳೀತಲ್ಲ.”

ಬೈದಿದ್ದರೆ ಎಂಟಕ್ಕ ತಡೆದುಕೊಳ್ಳುತ್ತಿದ್ದಳು. ಆ ‘ಬಿಡು’ ಅವಳನ್ನು ತಿಂದುಹಾಕಿತು.

ಪುಸ್ತಕ ಬಿಡುಗಡೆ ಏರಿಯ ಮೇಲೆಯೇ ನಡೆಯಿತು. ಶಾಮಿಯಾನ, ಸಾಲು ಕುರ್ಚಿ, ನಗರದಿಂದ ಎರಡು ಬಸ್ಸು ತುಂಬ ಜನ. ಹನ್ನೆರಡು ಮಂದಿಯನ್ನೂ ಬೆಳಿಗ್ಗೆಯೇ ನೀರಿಗಿಳಿಸಿ ನಿಲ್ಲಿಸಿದ್ದರು. ಅಧ್ಯಕ್ಷರು ಸನ್ನೆ ಮಾಡಿದ ಕೂಡಲೇ ಸೂಪರ್‌ವೈಸರ್ ಮೆಟ್ಟಿಲಿಳಿದು ಬಂದು ಎಂಟಕ್ಕನ ಮುಖದ ಮುಂದೆ ಮೈಕ್ ಹಿಡಿದ. ಶುರು ಮಾಡೇ, ಜನ ನಗಲಿ ಎಂದ. ಮೇಲೆ ನಿಂತವರು ಫೋನು ಎತ್ತಿ ಹಿಡಿದರು.

“ಒಂದು,” ಎಂದಳು ಎಂಟಕ್ಕ.

ಕಲಿತುಬಿಟ್ಟಳಲ್ಲ ಎಂದು ಯಾರೋ ಅಂದರು. ಜನ ನಕ್ಕರು.

“ಒಂದು, ತೂಬು ತೋಡೋ ಮುದುಕ. ಈ ಏರಿ ಒಳಗಿದ್ದಾನೆ. ಎರಡು, ಅವನ ಸೊಸೆ, ತುಂಬಿದ ಬಸುರಿ. ಮೂರು, ನಮ್ಮಮ್ಮನ ದೊಡ್ಡಪ್ಪ. ನಾಲ್ಕು, ಐದು, ಅಣ್ಣತಮ್ಮಂದಿರು, ಇನ್ನೂ ಕೂಗ್ತಾ ಇದ್ರು. ಮಣ್ಣು ಹಾಕಿ ಅಂದೋನು ಈ ಅಧ್ಯಕ್ಷರ ಅಜ್ಜ. ಹಾಕಿದ್ದು ನನ್ನಜ್ಜಿ. ಅವರನ್ನ ಹೆಡ್ಡರು ಅಂದಿದ್ದು ನಾನು.”

ಸೂಪರ್‌ವೈಸರ್ ಮೈಕ್ ಹಿಂದಕ್ಕೆಳೆದುಕೊಂಡ. ನೀರಿನ ಮೇಲೆ ದನಿಗೆ ಮೈಕ್ ಬೇಕಿಲ್ಲ. ಆರನೆಯವನು ಕುಂಟ, ಓಡಲಾಗಲಿಲ್ಲ ಎಂದಳು. ಏಳನೆಯವಳು ಅವತ್ತಷ್ಟೇ ಕೆಲಸಕ್ಕೆ ಸೇರಿದವಳು, ಹೆಸರನ್ನು ಕೂಡ ಯಾರೂ ಕೇಳಿರಲಿಲ್ಲ ಎಂದಳು. ಮೇಲೆ ಯಾರೂ ನಗುತ್ತಿರಲಿಲ್ಲ. ಮೇಷ್ಟ್ರು ಮಡಿಲಲ್ಲಿದ್ದ ಪುಸ್ತಕವನ್ನು ಮಗುಚಿ ಇಟ್ಟುಕೊಂಡರು. ಅಧ್ಯಕ್ಷರಿಗೆ ಸಿಟ್ಟು ಬಂದ ಹಾಗೇನೂ ಕಾಣಲಿಲ್ಲ. ಗುಮಾಸ್ತನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಅವನು ಏರಿಯ ಆ ಬದಿಗೆ ಇಳಿದು ಮನೆಗಳ ಕಡೆ ಹೋದ.

“ಇದ್ದೀರಾ?” ಎಂದು ಎಂಟಕ್ಕ ಸಾಲಿನ ಕಡೆ ತಿರುಗಿದಳು.

ಮೈದುನ ಗುಮಾಸ್ತ ಹೋದ ದಿಕ್ಕನ್ನೇ ನೋಡುತ್ತಿದ್ದ. ಮೂರನೆಯ ಮನೆಯಲ್ಲಿ ಅವನ ಹೆಂಡತಿ ಹೆತ್ತು ಇನ್ನೂ ತಿಂಗಳಾಗಿರಲಿಲ್ಲ.

“ನಮ್ಮನ್ನ ಒಂದ್ಮಾತು ಕೇಳ್ಬೇಕಿತ್ತು ಅತ್ತಿಗೆ.”

ಅವಳು ಮೊದಲ ಸಲವೂ ಕೇಳಿರಲಿಲ್ಲ, ಈ ಸಲವೂ ಕೇಳಿರಲಿಲ್ಲ. ಅವನ ಮುಖ ನೋಡಲಾಗದೆ ನೀರು ನೋಡುತ್ತ ನಿಂತಳು.

ಮೈದುನ ಜನರ ಕಡೆ ತಿರುಗಿ “ಎಂಟು” ಎಂದ.

ಒಂಬತ್ತು ಹೇಳಬೇಕಾದವಳು ಇನ್ನೂ ಬಾಯಿ ತೆರೆದಿರಲಿಲ್ಲ.