ಹುರುಳಿ ಹರವಿದ ರಸ್ತೆ

ಚಟಪಟ ಚಟಪಟ, ಬಸ್ಸು ಹೋಯಿತು, ಸ್ಕೂಲಿನ ಮುಂದೆ ಟಾರು ರಸ್ತೆಗೆ ಹರವಿದ ಹುರುಳಿ ಗಿಡಗಳ ಮೇಲೆಯೇ ಹೋಯಿತು, ಟಿ. ನರಸೀಪುರದ ಬಸ್ಸಿರಬೇಕು, ಈ ಕಡೆಯವರಿಗೆ ಒಕ್ಕಣೆಗೆ ಕಣವೇ ಬೇಡ, ಸರ್ಕಾರ ಟಾರು ಹಾಕಿಸಿಕೊಟ್ಟಿದೆ, ಲಾರಿಗಳು ಪುಕ್ಕಟೆ ತುಳಿದುಕೊಡುತ್ತವೆ — ಪುಟ್ಟಬಸಮ್ಮ ಟೀಚರು ಸೀಮೆಸುಣ್ಣವನ್ನು ಬೋರ್ಡಿಗೆ ಒತ್ತಿಕೊಂಡು ಹಾಗೇ ನಿಂತರು. ಕ್ರ್ಯಾಶ್. ಇಂಗ್ಲಿಷ್ ಪಾಠದ ಹೊಸ ಪದ, ಬರೆದದ್ದಾಯಿತು, ಅರ್ಥವನ್ನೂ ಹೇಳಿಯಾಯಿತು, ದೊಡ್ಡ ಸದ್ದಿನೊಂದಿಗೆ ಡಿಕ್ಕಿ ಹೊಡೆಯುವುದು, ಕ್ರಿಯಾಪದ, ಎಲ್ಲಿ, ಒಂದು ಸ್ವಂತ ವಾಕ್ಯ ಹೇಳಿ ಮಕ್ಕಳೇ — ಎಂಟನೇ ಕ್ಲಾಸು ಗಪ್‌ಚುಪ್. ಬೇರೆ ಪದವಾಗಿದ್ದರೆ ನಾನು ತಾನು ಎಂದು ಮೇಲೆ ಬೀಳುವ ಮಕ್ಕಳು. ಹೆಡ್‌ಮಾಸ್ಟರ್ ಚೆಲುವಯ್ಯನವರು ಮಕ್ಕಳಿಗೆ ಹೇಳಿಟ್ಟಿದ್ದಾರೆ, ಟೀಚರಿಗೆ ಗೊತ್ತಿಲ್ಲವೇ, ಅವರ ಮುಂದೆ ಆಕ್ಸಿಡೆಂಟ್ ಮಾತು ಎತ್ತಬ್ಯಾಡ್ರಲಾ, ಅವರ ಯಜಮಾನ್ರು ತೀರ್ಕಂಡಿದ್ದು ಅಂಗೇಯ. ಒಳ್ಳೆಯ ಮನುಷ್ಯ, ಎಲ್ಲರೂ ಒಳ್ಳೆಯವರೇ, ಹಾಳಾಗಿ ಹೋಗಲಿ ಈ ಒಳ್ಳೆಯತನ, ಸ್ಟಾಫ್‌ರೂಮಿಗೆ ಕಾಲಿಟ್ಟರೆ ಆಕ್ಸಿಡೆಂಟ್ ಸುದ್ದಿ ಇರುವ ಪೇಪರಿನ ಪುಟ ಮಗುಚುತ್ತಾರೆ, ನಂಜನಗೂಡಿನ ಮನೆಯಲ್ಲಿ ಅತ್ತೆ ಕೂಡ ಅದು ಆದಾಗ ಎನ್ನುತ್ತಾರೆ, ಅದು, ಅದು, ಅಮೃತೇಶ್ ಎಂಬ ಹೆಸರನ್ನೂ ಅದರ ಜೊತೆಗೇ ಗಂಟು ಕಟ್ಟಿ ಅಟ್ಟಕ್ಕೆ ಹಾಕಿಬಿಟ್ಟರು, ಮೂರು ವರ್ಷವಾಯಿತು, ಯಾರಾದರೂ ಒಬ್ಬರು ಏನಾಯಿತಮ್ಮ ಎಂದು ಕೇಳಬಾರದೇ, ಇಷ್ಟು ಜನರ ನಡುವೆ ಎಷ್ಟು ಒಂಟಿಯಾಗಿಬಿಟ್ಟೆ.

ಎರಡು ಸಾವಿರದ ಇಸವಿ, ಸಂಕ್ರಾಂತಿ ಕಳೆದ ವಾರ, ಇವರು ಸ್ಕೂಟರ್ ಒದೆಯುತ್ತಾ, ಬೇಗ ಬತ್ತೀನಿ ಕಣೇ, ಹುರುಳಿ ಬಸ್ಸಾರು ಮಾಡಿರು — ಮಾಡಿದ್ದೆ, ಕುದಿಯುತ್ತಿತ್ತು, ಆಗಲೇ ಹದಿನಾರು ಎಂಬ ಊರಿನ ಹತ್ತಿರ ತಿರುವಿನಲ್ಲಿ ಹುರುಳಿ ಹರವಿತ್ತಂತೆ, ಚಕ್ರ ಜಾರಿತಂತೆ, ಹುಣಸೆಮರವಂತೆ, ಎಲ್ಲ ಅಂತೆ, ಪೊಲೀಸರು ಹೇಳಿದ್ದು, ಆಸ್ಪತ್ರೆಯಲ್ಲಿ ಬಿಳಿ ಬಟ್ಟೆ ಹೊದಿಸಿದ್ದರು, ಕಾಲು ಮಾತ್ರ ಆಚೆಗೆ ಕಾಣುತ್ತಿತ್ತು, ಮಡಚಿದ ಪ್ಯಾಂಟಿನ ತುದಿ, ಅದನ್ನು ಸರಿ ಮಾಡಲು ಹೋದರೆ — ಬೇಡ, ಪಾಠ, ಪಾಠ ನಡೆಯುತ್ತಿದೆ. ಕೊನೆಯ ಬೆಂಚಿನಿಂದ ಒಂದು ಕೈ ಎದ್ದಿತು, ದಿವ್ಯ, ಹೋದ ವಾರ ದೇವನೂರಿನಿಂದ ಬಂದು ಸೇರಿದ ಹುಡುಗಿ, ಇವಳಿಗೆ ಯಾರೂ ಹೇಳಿಲ್ಲ. ಮೇಡಂ, ಸ್ಕೂಟರ್ ಮರಕ್ಕೆ ಕ್ರ್ಯಾಶ್ ಆಯ್ತು ಅಂತ ಯೋಳ್ಬೌದಾ? ಪಕ್ಕದವಳು ಅವಳ ತೊಡೆ ಚಿವುಟಿದಳು. ಹೇಳಬಹುದು ಕಣಮ್ಮ. ಸ್ಕೂಟರ್‌ನಲ್ಲಿ ಯಾರಿದ್ರು ಅಂತಾನೂ ಯೋಳ್ಬೇಕಾ ಮೇಡಂ? ಅಯ್ಯೋ ತಾಯಿ, ಕಡೆಗೂ ನೀನಾದರೂ ಕೇಳಿದೆಯಲ್ಲ — ಹೇಳಬೇಕು ಕಣಮ್ಮ, ನಮ್ಮ ಯಜಮಾನರಿದ್ದರು, ಅಮೃತೇಶ್ ಅಂತ. ಕೈ ತಾನಾಗಿ ಬೋರ್ಡಿನ ಮೇಲೆ ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಿತು, ಎಷ್ಟು ದಿನವಾಗಿತ್ತು ಬರೆದು. ಸದ್ದು ಜೋರಾಗಿ ಬಂತಾ ಮೇಡಂ? ದೊಡ್ಡ ಸದ್ದು, ಅರ್ಥದಲ್ಲಿ ಹಾಗೇ ಇದೆ, ತಾನೇ ಹೇಳಿಕೊಟ್ಟದ್ದು, ಆದರೆ ಅದನ್ನು ಕೇಳಿದವಳು ತಾನಲ್ಲ, ಆಗ ಅಡಿಗೆಮನೆಯಲ್ಲಿ ಸಾರು ಕುದಿಯುತ್ತಿತ್ತು, ತಾನು ಕೇಳಿದ್ದು ಆಮೇಲೆ, ಆಸ್ಪತ್ರೆಯಲ್ಲಿ, ಪ್ಯಾಂಟಿನ ಮಡಿಕೆ ಬಿಚ್ಚಿದಾಗ, ಹೊರಗೆ ಇನ್ನೊಂದು ಲಾರಿ, ಚಟಪಟ, ಮಡಿಕೆ ಬಿಚ್ಚಿದಾಗ ಒಳಗಿನಿಂದ ಹುರುಳಿಕಾಳು, ಆಸ್ಪತ್ರೆಯ ನೆಲದ ಮೇಲೆ ಟಿಕ್ — ಇನ್ನೊಂದು ಕಾಳು — ಟಿಕ್ —