ಕೌದಿಯ ಒಳಪದರ

"ಸಿಮೆಂಟ್ ತಗಡಿಗಿ ಹಾಕೋ ಕಲ್ನಾರು ಮುಟ್ಟಿದ್ದು ನೆನಪದ ಏನವಾ?" ರಾಯಚೂರಿನ ಎದೆರೋಗದ ವೈದ್ಯ ಶೇಷಗಿರಿ ಮೂರನೆಯ ಸಲ ಕೇಳಿದರು.

"ಇಲ್ರೀ. ಅರಕೇರಾದಾಗ ಹತ್ತಿ ಬಿಡಿಸೀನಿ, ಶೇಂಗಾ ಕಿತ್ತೀನಿ. ಕಾರ್ಖಾನಿ ಕಂಡಾಕಿ ಅಲ್ಲ," ಎಂದಳು ಮಾನಮ್ಮ.

ಅದು ೧೯೮೪. ಎರಡು ವರ್ಷ ಕ್ಷಯವೆಂದು ಸೂಜಿ ಚುಚ್ಚಿಸಿಕೊಂಡ ಮೇಲೆ, ಆಕೆಯ ರೋಗಕ್ಕೆ ಮೀಸೋಥೀಲಿಯೋಮಾ ಎಂಬ ನಿಜವಾದ ಹೆಸರು ಸಿಕ್ಕಿತ್ತು. ಅದು ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ದೂಳಿನಿಂದ ಬರುವ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್. ಗುಣಪಡಿಸುವ ಮದ್ದಿರಲಿಲ್ಲ. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಮಾತ್ರ, ಹೊಸ ಔಷಧವನ್ನು ಪಕ್ಕೆಲುಬುಗಳ ನಡುವಿನಿಂದ ನೇರವಾಗಿ ಆ ಪೊರೆಯೊಳಗೆ ಬಿಟ್ಟು ನೋಡುವ ಪ್ರಯೋಗ ನಡೆದಿತ್ತು. ಕಲ್ನಾರಿನ ಸಂಪರ್ಕ ಖಚಿತವಾದವರಿಗಷ್ಟೇ ಅಲ್ಲಿ ಪ್ರವೇಶ.

"ಕಾರ್ಖಾನಿಯಾಗ ಇದ್ದಾಂವ ನಾನ್ರೀ," ಎಂದ ಗಂಡ ತಾಯಣ್ಣ. "ಹರೇದಾಗ ಹೈದರಾಬಾದಿನಾಗ ಆರು ವರ್ಷ ಆ ನಾರಿನ ಚೀಲ ಹೊತ್ತೀನಿ. ನನಗ ಒಂದ್ ಕೆಮ್ಮಿಲ್ಲ, ಈಕಿಗಿ ಹ್ಯಾಂಗ್ ಬಂತು?"

"ಅಲ್ಲಿಂದ ಊರಿಗಿ ಬರುವಾಗ ಏನರ ಮನಿಗಿ ತರ್ತಿದ್ದೇನು?"

"ಏನ್ ತರ್ತಾರ್ರೀ, ಖಾಲಿ ಚೀಲ..." ತಾಯಣ್ಣ ಹೆಂಡತಿಯತ್ತ ತಿರುಗಿದ. "ಈಕಿ ಅದರಾಗ ಕೌದಿ ಹೊಲದಾಳ್ರೀ."

ಆ ಚೀಲಗಳನ್ನು ಅಂಗಳದಲ್ಲಿ ಝಾಡಿಸಿ, ಬಿಚ್ಚಿ, ಹಳೆಯ ಸೀರೆಗಳ ನಡುವೆ ಒಳಪದರವಾಗಿಟ್ಟು ಕೌದಿ ಹೊಲಿದವಳು ಮಾನಮ್ಮನೇ. ಬಿಳಿಯ ದೂಳು ಕೂದಲಿಗೆಲ್ಲ ಹತ್ತಿದಾಗ, ಮುದುಕಿಯಾದಿ ಎಂದು ಗಂಡ ನಕ್ಕಿದ್ದ.

"ಆ ಕೌದಿ ಸಿಕ್ಕರ ಪುರಾವೆ ಆಗ್ತದ. ಎಲ್ಲಿ ಅದ ಈಗ?" ಎಂದರು ಶೇಷಗಿರಿ.

"ಮಾನ್ವಿಯಾಗ." ಮಾನಮ್ಮ ಎದ್ದು ನಿಂತಿದ್ದಳು. ಚೊಚ್ಚಲ ಕೂಸಿನ ಜೊತೆ ತವರಿನ ಕೌದಿ ಹೋಗಬೇಕೆಂಬುದು ಅವರ ಪದ್ಧತಿ. ಹಳೆಯದಕ್ಕೆ ಹೊಸ ಸೀರೆ ಹೊದಿಸಿ, ಮಗಳು ಗೋಪಮ್ಮನ ಕೈಗೆ ತಾನೇ ಕೊಟ್ಟಿದ್ದಳು. "ಮೊಮ್ಮಗ ಅದರ ಮ್ಯಾಲೇ ಮಲಗ್ತಾನ್ರೀ."

"ಝಾಡಿಸಬ್ಯಾಡ್ರಿ. ನೀರಿನಾಗ ತೋಯಿಸಿ, ಪ್ಲಾಸ್ಟಿಕ್‌ನಾಗ ಸುತ್ತಿ ತರ್ರಿ," ಎಂದರು ವೈದ್ಯರು.

"ನಿನಗ ಉಸಿರು ಹತ್ತತದ. ಕುಂದ್ರು, ನಾ ತರ್ತೀನಿ," ಎಂದ ತಾಯಣ್ಣ.

"ನೀ ಝಾಡಿಸಿ ಮಡಚಾಂವ. ಕುಂದ್ರು ಅಂತಿ ನನಗ!"

ಮಾನ್ವಿಯ ಬಸ್ ನಿಲ್ದಾಣದಿಂದ ಮಗಳ ಮನೆಯವರೆಗೆ ಆಕೆ ನಾಲ್ಕು ಕಡೆ ಕುಳಿತು ಎದ್ದಳು.

"ತವರಿಂದ ಕೊಟ್ಟದ್ದು ತಿರುಗಿ ಒಯ್ತಾರೇನ್ ಯವ್ವಾ? ಅತ್ತಿ ಏನಂದಾಳು?" ಗೋಪಮ್ಮ ಕೌದಿಯ ತುದಿಯನ್ನು ಹಿಡಿದೇ ಇದ್ದಳು.

"ಅವ್ವಗ ಹುಚ್ಚು ಹಿಡದದ ಅನ್ನು. ಮೊದಲು ಕೂಸಿನ್ನ ಎತ್ತು."

ಮಗುವನ್ನು ಎತ್ತಿಕೊಂಡಾಗ ಕೌದಿಯ ಹರಿದ ಮೂಲೆಯಲ್ಲಿ ಬಿಳಿಯ ನಾರು ಕಾಣಿಸಿತು. ಮಾನಮ್ಮ ಒಂದು ಕೊಡ ನೀರನ್ನು ಪೂರ್ತಿ ಅದರ ಮೇಲೆ ಸುರಿದಳು.

ಕೌದಿಯ ತುಣುಕು ಹೈದರಾಬಾದಿಗೆ ಹೋಯಿತು. ಒಪ್ಪಿಗೆ ಬಂದಾಗ ಶೇಷಗಿರಿ ಕಾಗದವನ್ನು ಆಕೆಯ ಮುಂದಿಟ್ಟರು. "ಇದು ಬರೇ ಪ್ರಯೋಗ ನೋಡವಾ. ಗುಣ ಆಗ್ತದಂತ ನಾ ಹೇಳಂಗಿಲ್ಲ."

"ಆಗ್ದಿದ್ರೂ ಎಲ್ಲಾ ಬರ್ಕೊಳ್ರಿ. ಎಷ್ಟು ಔಷಧ, ಏನ್ ತ್ರಾಸು, ಎಷ್ಟು ದಿನ ಇದ್ದೆ. ನನ್ನ ಮಗಳೂ ಅದೇ ಕೌದಿ ಮ್ಯಾಲ ಬೆಳದಾಳ್ರೀ."

ಆಕೆ ಹೆಬ್ಬೆಟ್ಟು ಒತ್ತಿದಳು. ಗುರುತು ಮಸುಕಾಗಿದೆಯೆಂದು ತಾನೇ ಹೇಳಿ, ಮತ್ತೆ ಶಾಯಿ ಹಚ್ಚಿಸಿಕೊಂಡು ಎರಡನೆಯ ಸಲ ಒತ್ತಿದಳು.