ಫ್ಲೆಕ್ಸ್ ಮೇಲಿನ ಮುದಿ ನಕ್ಷತ್ರ

ಲಿಂಗಸುಗೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಗುರುಬಸವ ಮಾಸ್ತರರಿಗೆ ಪ್ರಿನ್ಸಿಪಾಲ್ ಕುರ್ಚಿಯ ಮೇಲೆ ಕಣ್ಣಿತ್ತು. ಕೊಡಬೇಕಾದವರು ಸಂಸ್ಥೆಯ ಅಧ್ಯಕ್ಷ ಕರಿಬಸಯ್ಯನವರು. ಎಂಬತ್ತು ತುಂಬಿದ ಅವರಿಗೆ ಸೋಮವಾರ ಸನ್ಮಾನ. ಹೊಸ ಪ್ರಿನ್ಸಿಪಾಲರ ಹೆಸರು ಹೇಳುವುದೂ ಅಲ್ಲೇ. ಅದಕ್ಕೆಂದೇ ಮಾಸ್ತರರು ಮಸ್ಕಿಯಿಂದ ಸಿಂಧನೂರಿನವರೆಗೆ ಫ್ಲೆಕ್ಸ್ ಕಟ್ಟಿಸಿದ್ದರು: "ಮುದಿ ನಕ್ಷತ್ರಗಳೂ ಸ್ವಂತ ಬಲದಿಂದ ಎಕ್ಸ್‌ರೇ ಸೂಸುತ್ತವೆ! ನಮ್ಮ ಕಾಲೇಜಿನ ಸಂಶೋಧನೆ." ಪಕ್ಕದಲ್ಲಿ ಅಧ್ಯಕ್ಷರ ಆಳೆತ್ತರದ ಫೋಟೊ. ಸಂಶೋಧನೆ ಮುಗಿಯುವುದೊಂದೇ ಬಾಕಿಯಿತ್ತು.

ಶನಿವಾರ ಮಧ್ಯಾಹ್ನ ಅದನ್ನೂ ಮುಗಿಸಿಕೊಂಡು ಬಂದಳು ಗೊರೇಬಾಳದ ಮೌನೇಶ್ವರಿ, ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ.

"ಸರ್, ಫ್ಲೆಕ್ಸ್‌ದಾಗ ಇದ್ದಂಗ ಬರ್ಲಿಲ್ರೀ."

"ಅಂದ್ರ?"

"ನಾವು ನೋಡಿದ ನಕ್ಷತ್ರಗುಚ್ಛಕ್ಕ ನಾನೂರು ಕೋಟಿ ವರ್ಷ ಆಗ್ಯಾವ. ಇಷ್ಟು ವಯಸ್ಸಾದ ನಕ್ಷತ್ರ ನಿಧಾನಕ ತಿರುಗ್ತಾವ, ಎಕ್ಸ್‌ರೇ ಕೊಡೂ ಕಸುವು ಉಳಿಯಂಗಿಲ್ಲ. ಆದ್ರೂ ಹದಿನೇಳು ಕೊಡಾಕತ್ತಾವ. ನೋಡಿದ್ರ, ಅದ್ರಾಗ ಹದ್ನಾಲ್ಕಕ್ಕ ಮಗ್ಗಲದಾಗ ಜೋಡಿ ನಕ್ಷತ್ರ ಐತ್ರೀ. ದೂರದಿಂದ ಕಾಣಂಗಿಲ್ಲ. ಅದು ಎಳದು ಎಳದು ಈ ಮುದುಕನ್ನ ಜೋರಾಗಿ ತಿರುಗಿಸ್ತೈತಿ."

"ಉಳಿದ ಮೂರು?" ಮಾಸ್ತರರ ಜೀವ ಅಲ್ಲಿ ಹೋಗಿ ಕುಳಿತಿತು.

"ಇನ್ನಾ ಗೊತ್ತಾಗಿಲ್ರೀ."

"ಗೊತ್ತಾಗಿಲ್ಲ ಅಂದ್ರ ಸ್ವಂತ ಬಲಾನ! ಆ ಮೂರು ಅಷ್ಟ ಬರಿ. ಇಲ್ಲಾಂದ್ರ ನಿನ್ನ ಪ್ರಬಂಧಕ್ಕ ನಾ ಸಹಿ ಮಾಡಂಗಿಲ್ಲ. ಮಸ್ಕಿ ಫ್ಲೆಕ್ಸ್ ನೀರಿನ ಟ್ಯಾಂಕಿನ ಮ್ಯಾಲ ಐತಿ, ಯಾರು ಹತ್ತಿ ಬಿಚ್ಚಬೇಕು?"

"ಆಕಾಶದಾಗಿದ್ದದ್ದು ಬ್ಯಾರೇನ ಐತಲ್ರೀ ಸರ್."

"ಆಕಾಶ ಯಾರು ನೋಡ್ತಾರವ್ವಾ? ಬಸ್ಸಿನಾಗ ಕುಂತೋರು ಫ್ಲೆಕ್ಸ್ ನೋಡ್ತಾರ."

ಸೋಮವಾರ ವೇದಿಕೆಯ ನಡುವೆ ಒಂದೇ ಕುರ್ಚಿ. ಈ ಸೀಮೆಯಲ್ಲಿ ಸನ್ಮಾನವೆಂದರೆ ದಂಪತಿಯನ್ನು ಜೋಡಿಯಾಗಿ ಕೂರಿಸಿ, ಹೆಣ್ಣುಮಗಳಿಗೆ ಉಡಿ ತುಂಬುವ ಪದ್ಧತಿ. ಫ್ಲೆಕ್ಸಿನಲ್ಲಿ ಒಬ್ಬರೇ ಇದ್ದುದರಿಂದ, ವೇದಿಕೆ ಸಜ್ಜುಮಾಡಿಸಿದ ಮಾಸ್ತರರಿಗೆ ಅದು ನೆನಪಾಗಲಿಲ್ಲ. ಅಧ್ಯಕ್ಷರ ಹೆಂಡತಿ ವೀರಭದ್ರಮ್ಮ ಕೆಳಗೆ, ಮೌನೇಶ್ವರಿಯ ಪಕ್ಕದಲ್ಲಿ ಕುಳಿತರು.

"ಏನು ಹುಡುಕೀದಿ ತಂಗೀ?" ಎಂದು ಕೇಳಿದರು. ಹೇಳಬೇಡವೆಂದು ಯಾರೂ ಹೇಳಿರಲಿಲ್ಲ. ಹುಡುಗಿ ಹದಿನಾಲ್ಕು ಜೋಡಿಗಳನ್ನೂ, ಉಳಿದ ಮೂರನ್ನೂ, ನಿಂತ ಸಹಿಯನ್ನೂ ಹೇಳಿದಳು. ವೀರಭದ್ರಮ್ಮ ಎಲೆಯಡಿಕೆ ನಿಧಾನವಾಗಿ ಅಗಿದರು.

ಶಾಲು, ಹಾರ, ಪೇಟ ಎಲ್ಲ ಆಯಿತು. ಕರಿಬಸಯ್ಯನವರು ಮೈಕು ಹಿಡಿದರು. "ನಮ್ಮ ಹೊಸ ಪ್ರಿನ್ಸಿಪಾಲರು..." ಎಂದವರು ರೂಢಿಯಂತೆ ಎಡಕ್ಕೆ ತಿರುಗಿದರು. ಮೂವತ್ತು ವರ್ಷದಿಂದ ಮುಂದಿನ ಮಾತು ಬರುತ್ತಿದ್ದುದು ಆ ಕಡೆಯಿಂದ. ಇವತ್ತು ಅಲ್ಲಿ ಗುರುಬಸವ ಮಾಸ್ತರರು ನಗುತ್ತ ನಿಂತಿದ್ದರು. ಅಧ್ಯಕ್ಷರು ಗಾಬರಿಯಾಗಿ ಕೆಳಗೆ ಹುಡುಕಿದರು.

"ಪಂಪಣ್ಣ ಅನ್ರೀ," ಎಂದರು ವೀರಭದ್ರಮ್ಮ, ಕುಳಿತಲ್ಲಿಂದಲೇ.

"ಪಂಪಣ್ಣ!" ಎಂದಿತು ಮೈಕು.

ಅಡುಗೆಯ ಕಡೆ ಬದನೆಕಾಯಿ ಪಲ್ಲೆಯ ಉಪ್ಪು ನೋಡುತ್ತಿದ್ದ ರಸಾಯನಶಾಸ್ತ್ರದ ಪಂಪಣ್ಣ ಚಪ್ಪಾಳೆ ಕೇಳಿ, ಯಾರಿಗೆ ಎಂದು ವಿಚಾರಿಸಿದ.

ಊಟದ ಸಾಲಿನಲ್ಲಿ ವೀರಭದ್ರಮ್ಮ ಮಾಸ್ತರರನ್ನು ಕರೆದರು. "ಈ ಹುಡುಗಿ ಬರದದ್ದಕ್ಕ ಸಹಿ ಮಾಡ್ರಿ ಮಾಸ್ತರ. ಹದ್ನಾಲ್ಕೂ ಇರಲಿ."

ಮಾಸ್ತರರು ಜೇಬು ತಡಕಿದರು. ಪೆನ್ನು ಮೌನೇಶ್ವರಿಯೇ ಕೊಟ್ಟಳು.

"ಆ ಮೂರೂ ಬಿಡಬ್ಯಾಡ ತಂಗೀ," ಎಂದರು ವೀರಭದ್ರಮ್ಮ, "ಹುಡುಕು. ಮಗ್ಗಲದಾಗ ಯಾರರ ಇದ್ದ ಇರ್ತಾರ."